ಕೀಲಿ ತೆಗೆದಿದ್ದಕ್ಕೆ 300, ಹಾಕಿದ್ದಕ್ಕೆ ಎಷ್ಟು?

ಮಾನ್ಯ ಸಂಪಾದಕರೇ,

ಧಾರವಾಡ ಸಪ್ತಾಪುರದ ಟೋಕನ್ (ಬಾಡಿಗೆ ಮನೆ ಹಿಡಿದಿಡಲು ಕೊಡುವ ಮುಂಗಡ) ಪ್ರಕರಣದ ವರದಿ ನಿನ್ನೆಯ ಸಂಚಿಕೆಯಲ್ಲಿ ಓದಿದೆ. ಒಂದೇ ಮನೆಗೆ ಮೂರು ಮಂದಿಯಿಂದ ದುಡ್ಡು ಹಿಡಿದ ಏಜೆಂಟನ ಬಗ್ಗೆ ಅಧಿಕಾರಿಗಳು ‘ಪರಿಶೀಲಿಸಲಾಗುವುದು’ ಅಂದರಂತೆ. ಜತೆಗೆ ‘ಬಾಡಿಗೆದಾರರು ಎಚ್ಚರದಿಂದಿರಬೇಕು’ ಎಂಬ ಉಪದೇಶ ಬೇರೆ. ನಾವು ಎಚ್ಚರವಾಗಿಯೇ ಇದ್ದೇವೆ ಸ್ವಾಮಿ, ನಿದ್ದೆ ಹತ್ತಿರುವುದು ಕುರ್ಚಿಗಳಿಗೆ.

ಇದೇನು ಸಪ್ತಾಪುರಕ್ಕೆ ಬಂದ ಹೊಸ ರೋಗವಲ್ಲ. ಜೂನ್ ಬಂತೆಂದರೆ ಕೋಚಿಂಗ್ ಹುಡುಗರು, ಕಾಲೇಜಿನವರು, ವರ್ಗಾವಣೆಯವರು ಒಟ್ಟಿಗೇ ಮನೆ ಹುಡುಕುತ್ತಾರೆ. ವಿದ್ಯಾನಗರ, ನವನಗರ, ಗೋಕುಲ ರಸ್ತೆ ಎಲ್ಲ ಕಡೆ ಇದೇ ಹಾಡು. 12,000 ರೂಪಾಯಿ ಬಾಡಿಗೆಯ ಮನೆ ಎಂದು ಲೆಕ್ಕ ಹಿಡಿಯಿರಿ. ದಲ್ಲಾಳಿ ಒಂದು ತಿಂಗಳ ಬಾಡಿಗೆ ಕೇಳುವುದು ರೂಢಿ, ಅದು 12,000. ನಾಲ್ಕು ಮನೆಯ ಕೀಲಿ ತೆಗೆದು ತೋರಿಸಿದ್ದಕ್ಕೆ ‘ವಿಸಿಟಿಂಗ್’ ತಲಾ 300, ಅದು 1,200. ‘ಅಗ್ರಿಮೆಂಟ್’ 2,500. ‘ಪೊಲೀಸ್ ವೆರಿಫಿಕೇಶನ್’ 1,000. ‘ಕರೆಂಟ್ ಫ್ರೀ ಮಾಡಿಸೋದು’ 500. ಕೊನೆಗೆ ದಲ್ಲಾಳಿ ಹಣದ ಮೇಲೆ 18 ಪರ್ಸೆಂಟ್ ಜಿಎಸ್‌ಟಿ, ಅಂದರೆ 2,160. ಒಟ್ಟು 19,360. ಡಿಪಾಜಿಟ್ಟು, ಮೊದಲ ತಿಂಗಳ ಬಾಡಿಗೆ ಬೇರೆ. ಯಾಕಪ್ಪಾ ಅಂದರೆ ‘ಆಫೀಸ್ ರೂಲ್ಸ್ ಐತ್ರಿ ಸರ’. ಆಫೀಸು ಯಾವುದು? ಅವನ ಬೈಕಿನ ಸೀಟು.

ಇವುಗಳಲ್ಲಿ ಕೆಲವನ್ನಾದರೂ ಬಿಡಿಸಿ ನೋಡಬೇಕು. ವಾರ್ಷಿಕ ವಹಿವಾಟು 20 ಲಕ್ಷ ದಾಟದ ಸೇವಾದಾರ ಜಿಎಸ್‌ಟಿ ನೋಂದಣಿ ಮಾಡಿಸಬೇಕಿಲ್ಲ. ನೋಂದಣಿ ಇಲ್ಲದವನು ಜಿಎಸ್‌ಟಿ ವಸೂಲಿ ಮಾಡುವಂತೆಯೂ ಇಲ್ಲ. 15 ಅಂಕಿ-ಅಕ್ಷರಗಳ ಸಂಖ್ಯೆ ಇರುವ ಬಿಲ್ ಕೇಳಿ. ಕರ್ನಾಟಕದ್ದಾದರೆ ಅದು 29ರಿಂದ ಶುರುವಾಗಬೇಕು. ಕೇಳಿದ ಮರುಕ್ಷಣ 2,160 ಮಾಯವಾಗುತ್ತದೆ, ನೋಡಿ ಬೇಕಾದರೆ.

ಅಗ್ರಿಮೆಂಟಿನದು ದೊಡ್ಡ ಮೋಜು. 11 ತಿಂಗಳ ಕರಾರು ಏಕೆಂದರೆ, ಒಂದು ವರ್ಷ ಮೀರಿದ ಬಾಡಿಗೆ ಕರಾರನ್ನು ಉಪನೋಂದಣಿ ಕಚೇರಿಯಲ್ಲಿ ನೋಂದಾಯಿಸಲೇಬೇಕು. ಅದನ್ನು ತಪ್ಪಿಸಲಿಕ್ಕೇ ಈ 11. ಅದಕ್ಕೆ ಬೇಕಾದದ್ದು ಸರ್ಕಾರಕ್ಕೆ ಸುಂಕ ಕಟ್ಟಿ ಪಡೆಯುವ ಇ-ಸ್ಟಾಂಪ್ ಕಾಗದ. ಕಟ್ಟಿದ ಸುಂಕ ಎಷ್ಟು, ಯಾರು ಕಟ್ಟಿದರು ಎಂಬುದು ಆ ಕಾಗದದ ಮೇಲೆಯೇ ಅಚ್ಚಾಗಿರುತ್ತದೆ. ಆ ಅಂಕಿ ಮತ್ತು 2,500ರ ನಡುವಿನ ಅಂತರ ಟೈಪಿಂಗಿಗೆ ಹೋಯಿತೆಂದು ನಂಬಬೇಕಾದರೆ ಚಿನ್ನದ ಕೀಬೋರ್ಡೇ ಇರಬೇಕು. ಇಷ್ಟಾದ ಮೇಲೂ ಕೈಗೆ ಬರುವುದು ಝೆರಾಕ್ಸ್! ಮೂಲಪ್ರತಿ ದಲ್ಲಾಳಿಯ ಚೀಲದಲ್ಲಿ. ಯಾಕೆಂದರೆ 11 ತಿಂಗಳ ಮೇಲೆ ಅದೇ ಫೈಲನ್ನು ತೆಗೆದು, ತಾರೀಖು ತಿದ್ದಿ, ‘ರಿನಿವಲ್’ ಎಂದು ಅರ್ಧ ತಿಂಗಳ ಬಾಡಿಗೆ ಕೇಳಲಿಕ್ಕೆ. ಮನೆ ಅದೇ, ಮಾಲೀಕ ಅವನೇ, ಬಾಡಿಗೆದಾರನೂ ಅವನೇ, ದಲ್ಲಾಳಿ ಮಾಡಿದ್ದೇನು? ಮಾಲೀಕರೂ ನಾವೂ ನೇರವಾಗಿ ಕೂತು ಹೊಸ ಕಾಗದ ಮಾಡಿಕೊಳ್ಳಲು ಅವನ ಅಪ್ಪಣೆ ಬೇಕಿಲ್ಲ. ಮೊದಲ ಕರಾರಿನಲ್ಲಿ ನವೀಕರಣ ಶುಲ್ಕದ ಸಾಲೊಂದನ್ನು ತೂರಿಸಿರುತ್ತಾರೆ. ಸಹಿಗೆ ಮುಂಚೆ ಅದನ್ನು ಹೊಡೆದು ಹಾಕಿಸಬೇಕು.

ಕರೆಂಟ್ ಫ್ರೀ ಎಂದರೆ ಗೃಹಜ್ಯೋತಿ. ಸೇವಾಸಿಂಧುವಿನಲ್ಲಿ ಬಿಲ್ಲಿನ ಖಾತೆ ಸಂಖ್ಯೆ, ಆಧಾರ್ ಕೊಟ್ಟು ಬಾಡಿಗೆದಾರರೇ ಪುಕ್ಕಟೆ ಅರ್ಜಿ ಹಾಕಬಹುದು. ತೊಡಕು ಬರುವುದು ಸಾಮಾನ್ಯವಾಗಿ ಹಿಂದಿನ ಬಾಡಿಗೆದಾರ ತನ್ನ ಆಧಾರ್ ಜೋಡಣೆ ಬಿಡಿಸದೆ ಹೋಗಿದ್ದರೆ. ಅದನ್ನು ಅವನೇ ಬಿಡಿಸಬೇಕು, 500 ಕೊಟ್ಟರೂ ದಲ್ಲಾಳಿಗೆ ಸಾಧ್ಯವಿಲ್ಲ.

ಟೋಕನ್ನಿನ ಮಾತು. ಮಾಲೀಕರ ಖಾತೆಗೆ ಹೊರತು ಬೇರೆಯವರ ಖಾತೆಗೆ ಹಾಕಕೂಡದು. ಹೆಸ್ಕಾಂ ಕರೆಂಟ್ ಬಿಲ್ ಮತ್ತು ಪಾಲಿಕೆಯ ತೆರಿಗೆ ರಸೀದಿಯಲ್ಲಿನ ಹೆಸರೂ, ಯುಪಿಐ ತೋರಿಸುವ ಹೆಸರೂ ತಾಳೆಯಾಗಬೇಕು. ಯಾವ ಮನೆ, ಎಷ್ಟು ಹಣ, ಯಾವ ತಾರೀಖಿನವರೆಗೆ, ಮಾಲೀಕರು ಒಲ್ಲೆ ಎಂದರೆ ವಾಪಸು ಯಾವಾಗ: ಇಷ್ಟನ್ನು ವಾಟ್ಸಾಪಿನಲ್ಲಿ ಬರೆಸಿಕೊಂಡ ಮೇಲೇ ಹಣ. ಇಲ್ಲವಾದರೆ ಕೊಟ್ಟವ ಕೋಡಂಗಿ, ಇಸ್ಕೊಂಡವ ಈರಭದ್ರ.

ಇನ್ನು ಸಾಹೇಬರುಗಳ ಕಡೆ ಬರೋಣ. 1999ರ ಕರ್ನಾಟಕ ಬಾಡಿಗೆ ಕಾಯ್ದೆಯಲ್ಲೇ ಮಧ್ಯವರ್ತಿಗಳು ಬಾಡಿಗೆ ನಿಯಂತ್ರಕರ ಬಳಿ ನೋಂದಾಯಿಸಿಕೊಳ್ಳಬೇಕೆಂದಿದೆ. ಕಾಲು ಶತಮಾನ ಕಳೆಯಿತು. ನೋಂದಾಯಿತ ದಲ್ಲಾಳಿಗಳ ಪಟ್ಟಿ ಎಲ್ಲಿದೆ ಎಂದು ಕೇಳಿದರೆ ಒಂದು ಟೇಬಲ್ಲು ಇನ್ನೊಂದನ್ನು ತೋರಿಸುತ್ತದೆ, ಹುಬ್ಬಳ್ಳಿಯವರು ಧಾರವಾಡಕ್ಕೆ ಹೋಗಿ ಎನ್ನುತ್ತಾರೆ. ಎರಡೂ ಊರಿನ ನಡುವೆ ಓಡುವ ಚಿಗರಿ ಬಸ್ಸಿಗೆ ಆದಾಯ ಬರುವುದೇ ಹೀಗೆ ಇರಬೇಕು. ಕೆಲವು ದಲ್ಲಾಳಿಗಳು ಕಾರ್ಡಿನ ಮೇಲೆ ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರ) ಸಂಖ್ಯೆ ಹಾಕಿಕೊಂಡು ಮೆರೆಯುತ್ತಾರೆ; ಅದು ಫ್ಲ್ಯಾಟು, ಸೈಟು ಮಾರುವುದಕ್ಕೆ, ಬಾಡಿಗೆಗಲ್ಲ. ಎರಡು ತಿಂಗಳಿಗಿಂತ ಹೆಚ್ಚು ಡಿಪಾಜಿಟ್ ಬೇಡವೆಂದು 2021ರಲ್ಲಿ ಕೇಂದ್ರ ಒಂದು ಕಾಯ್ದೆ ಬರೆಯಿತು. ಹೆಸರೇ ‘ಮಾದರಿ’. ನೋಡಿ ಆನಂದಿಸಲು.

ಈ ದಲ್ಲಾಳಿಗಳನ್ನು ಹುಡುಕಲು ತನಿಖಾ ತಂಡ ಬೇಕೇ? ಪ್ರತಿ ಕಂಬದ ಮೇಲೆ ‘ರೂಮ್ ಬಾಡಿಗೆಗೆ ಇದೆ’ ಚೀಟಿ, ಕೆಳಗೆ ಫೋನ್ ನಂಬರು. ಕಂಬಕ್ಕೆ ಚೀಟಿ ಹಚ್ಚಬಾರದೆಂದು 1981ರಿಂದ ಕಾಯ್ದೆಯಿದೆ. ಒಂದು ಫೋನಿಗೆ ಎರಡು ಕೇಸು ಸಿಗುತ್ತವೆ. ಆದರೆ ಆ ಕಂಬದಲ್ಲಿ ದೀಪವೇ ಉರಿಯುವುದಿಲ್ಲವಲ್ಲ, ಚೀಟಿ ಕಾಣುವುದಾದರೂ ಹೇಗೆ! ಮನೆ ತೋರಿಸುವಾಗ ‘24 ತಾಸು ನೀರು’ ಎಂದ ದಲ್ಲಾಳಿ ಸುಳ್ಳ ಎನ್ನೋಣವೆಂದರೆ, ಅದೇ ಮಾತನ್ನು ಅವನಿಗಿಂತ ಮೊದಲು ಹೇಳಿದವರು ಈ ಸಾಹೇಬರುಗಳೇ.

ಹಣ ಕಳೆದುಕೊಂಡವರು 1915ಕ್ಕೆ ಫೋನ್ ಮಾಡಲಿ, ಇಲ್ಲವೇ ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗಲಿ. 5 ಲಕ್ಷದವರೆಗೆ ಶುಲ್ಕವಿಲ್ಲ, ಎರಡು ವರ್ಷದೊಳಗೆ ದೂರು ಕೊಡಬೇಕು. ರಸೀದಿ, ಯುಪಿಐ ದಾಖಲೆ, ವಾಟ್ಸಾಪ್ ಸಂದೇಶ ಇಟ್ಟುಕೊಂಡಿದ್ದರೆ ಮಾತ್ರ.

ಸಂಬಂಧಪಟ್ಟವರು ದಲ್ಲಾಳಿಗಳನ್ನು ನೋಂದಾಯಿಸಲಿ, ಇಲ್ಲವೇ ಕಾಯ್ದೆಯ ಆ ಪುಟವನ್ನು ಹರಿದು ಹಾಕಲಿ. ದರಪಟ್ಟಿ ಹಚ್ಚಲಿ, ಕಂಬಕ್ಕಾದರೂ ಸರಿ. ಬೀದಿದೀಪ ಹಾಕಲಿ. ಏನಾದರೊಂದು ಮಾಡಲಿ, ಅಥವಾ ‘ಪರಿಶೀಲಿಸಲಾಗುವುದು’ ಅನ್ನುವುದನ್ನಾದರೂ ಬಿಡಲಿ.

– ಒಬ್ಬ ಬಾಡಿಗೆದಾರ, ಧಾರವಾಡ
(ಹೆಸರು ಹಾಕಬೇಡಿ. ಮನೆ ಇನ್ನೂ ಸಿಕ್ಕಿಲ್ಲ.)