ನಡುವಿನ ಪಥ ಖಾಲಿ ಬಿದ್ದಿಲ್ಲ

ಮಾನ್ಯ ಸಂಪಾದಕರೇ,

ಹುಬ್ಬಳ್ಳಿ–ಧಾರವಾಡ ನಡುವಿನ ಬಿಆರ್‌ಟಿಎಸ್ ಪಥವನ್ನು, ಅಂದರೆ ನಡುರಸ್ತೆಯಲ್ಲಿ ಬಸ್ಸಿಗಷ್ಟೇ ಮೀಸಲಿಟ್ಟ ದಾರಿಯನ್ನು, ಕಾರು, ಬೈಕುಗಳಿಗೂ ಬಿಟ್ಟುಕೊಡಬೇಕು ಎಂಬ ಮಾತು ಮತ್ತೆ ಮತ್ತೆ ಏಳುತ್ತಿದೆ. ಚಹಾದಂಗಡಿಯಲ್ಲೂ ಅದೇ, ಮದುವೆ ಊಟದ ಪಂಕ್ತಿಯಲ್ಲೂ ಅದೇ. ‘ನಡುವಿನ ರೋಡ್ ಖಾಲಿ ಬಿದ್ದೈತಿ ನೋಡ್ರಿ, ನಾವು ಮಾತ್ರ ಬದಿಗೆ ಒದ್ದಾಡಬೇಕು’ ಎಂದು ಮೊನ್ನೆ ನಮ್ಮ ಓಣಿಯ ಹಿರಿಯರೊಬ್ಬರು ಸಂಕಟದಿಂದಲೇ ಹೇಳಿದರು. ಅವರಿಗೆ ಅಲ್ಲಿ ನಿಂತು ಉತ್ತರ ಕೊಡಲು ಆಗಲಿಲ್ಲ. ಅದಕ್ಕೇ ಈ ಪತ್ರ.

ನಾನು ಧಾರವಾಡದ ಮಾಳಮಡ್ಡಿಯವನು. ಕೆಲಸ ಹುಬ್ಬಳ್ಳಿಯ ಕೊಪ್ಪೀಕರ ರಸ್ತೆಯಲ್ಲಿ. ಹತ್ತೊಂಬತ್ತು ವರ್ಷ ಸ್ಕೂಟರ್ ಮೇಲೆಯೇ ಓಡಾಡಿದೆ. ಹೋಗಿ ಬರುವುದು ನಲವತ್ತು ಕಿಲೋಮೀಟರ್, ಅಂದರೆ ದಿನಕ್ಕೆ ಹೆಚ್ಚುಕಡಿಮೆ ಒಂದು ಲೀಟರ್ ಪೆಟ್ರೋಲ್. ದುಡ್ಡಿನ ಮಾತು ಹಾಗಿರಲಿ, ಮಳೆಗಾಲದ ಸಂಜೆ ಲಾರಿಗಳ ಬೆಳಕು ಕಣ್ಣಿಗೆ ರಾಚುವಾಗ ಸತ್ತೂರಿನಿಂದ ಈಚೆಗೆ ಬರುವಷ್ಟರಲ್ಲಿ ಜೀವ ಕೈಯಲ್ಲಿರುತ್ತಿತ್ತು. ಒಮ್ಮೆ ಸ್ಕೂಟರ್ ಜಾರಿ ಬಿದ್ದು ಮೂರು ವಾರ ಮನೆಯಲ್ಲಿ ಮಲಗಿದೆ. ಎದ್ದ ಮೇಲೆ ಹೆಂಡತಿ ಸ್ಕೂಟರಿನ ಕೀಲಿ ಕೊಡಲಿಲ್ಲ. ಅಂದಿನಿಂದ ಈ ಪಥದಲ್ಲಿ ಓಡುವ ಚಿಗರಿ ಬಸ್ಸಿನಲ್ಲೇ ಹೋಗುತ್ತಿದ್ದೇನೆ. ಮನೆಯಿಂದ ಜುಬಿಲಿ ಸರ್ಕಲ್‌ವರೆಗೆ ನಡಿಗೆ, ಅಲ್ಲಿಂದ ಬಸ್ಸು.

ಆ ಪಥ ಖಾಲಿ ಕಾಣುವುದು ನಿಜ. ಆದರೆ ಅದು ಖಾಲಿ ಕಾಣುವುದು ಬಸ್ಸು ಎಲ್ಲೂ ಸಿಕ್ಕಿಹಾಕಿಕೊಳ್ಳದೆ ಮುಂದೆ ಹೋಗಿರುವುದರಿಂದ. ಪಕ್ಕದ ರಸ್ತೆ ತುಂಬಿ ಕಾಣುವುದು ವಾಹನಗಳು ನಿಂತಲ್ಲೇ ನಿಂತಿರುವುದರಿಂದ. ಒಂದು ಬಸ್ಸಿನಲ್ಲಿ ಕೂತವರು, ನಿಂತವರು ಸೇರಿ ಅರವತ್ತು ಜನ ಎನ್ನೋಣ. ಅಷ್ಟೇ ಜನ ಕಾರಿಗೆ ಒಬ್ಬರು, ಇಬ್ಬರಂತೆ ಹೊರಟರೆ ನಲವತ್ತು ಕಾರು ಬೇಕು. ನಡುವೆ ಒಂದೇ ಹೆಜ್ಜೆ ಜಾಗ ಬಿಟ್ಟು ನಿಲ್ಲಿಸಿದರೂ ಸುಮಾರು 200 ಮೀಟರ್ ಸಾಲು. ಕಳೆದ ವಾರ ಉಣಕಲ್ ಹತ್ತಿರ ಕಿಟಕಿಯಿಂದ ನೋಡುತ್ತಿದ್ದೆ. ಸಿಗ್ನಲ್‌ನಲ್ಲಿ ಸಾಲಾಗಿ ನಿಂತಿದ್ದ ಎಂಟು ಕಾರುಗಳಲ್ಲಿ ಆರರಲ್ಲಿ ಓಡಿಸುವವರ ಹೊರತು ಇನ್ನೊಬ್ಬರಿರಲಿಲ್ಲ. ರಸ್ತೆ ಯಾರದು ಎಂದು ಲೆಕ್ಕ ಹಾಕುವಾಗ ಗಾಡಿಗಳನ್ನಲ್ಲ, ತಲೆಗಳನ್ನು ಎಣಿಸಬೇಕಲ್ಲವೇ?

ಪಥ ತೆರೆದರೆ ಮೊದಲ ಕೆಲವು ದಿನ ಕಾರಿನವರಿಗೆ ಹಾಯೆನಿಸಬಹುದು. ಆಮೇಲೆ ಬಸ್ಸೂ ಅದೇ ಗದ್ದಲದಲ್ಲಿ ನಿಲ್ಲುತ್ತದೆ. ಹೊತ್ತಿಗೆ ತಲುಪದ ಬಸ್ಸನ್ನು ನೌಕರಿಗೆ ಹೋಗುವವರು ನಂಬುವುದಿಲ್ಲ, ನಾನೂ ನಂಬುವುದಿಲ್ಲ. ನನ್ನಂಥವರೆಲ್ಲ ಮತ್ತೆ ಸ್ಕೂಟರ್ ಹೊರಗೆ ತೆಗೆಯುತ್ತೇವೆ. ಆಗ ಇಂದು ಬದಿಯ ರಸ್ತೆಯಲ್ಲಿ ಒದ್ದಾಡುತ್ತಿರುವವರು ನಡುವಿನ ರಸ್ತೆಯಲ್ಲೂ ನಮ್ಮೊಡನೆ ಒದ್ದಾಡಬೇಕಾಗುತ್ತದೆ. ದೆಹಲಿಯ ಅಂಬೇಡ್ಕರ್ ನಗರ–ಮೂಲ್‌ಚಂದ್ ನಡುವೆ 2008ರಲ್ಲಿ ಇಂಥದೇ ಪಥ ಮಾಡಿದ್ದರು. ಕಾರಿನವರ ಕೂಗು ಜೋರಾಗಿ 2016ರಲ್ಲಿ ಅದನ್ನು ಕಿತ್ತುಹಾಕಿದರು. ದೆಹಲಿಯ ವಾಹನ ದಟ್ಟಣೆ ಅದರಿಂದ ತೀರಿತೇ? 2009ರಲ್ಲಿ ಶುರುವಾದ ಅಹಮದಾಬಾದಿನ ಇಂಥದೇ ಬಸ್ ವ್ಯವಸ್ಥೆ ‘ಜನಮಾರ್ಗ’ ಇಂದಿಗೂ ಓಡುತ್ತಿದೆ.

ಇನ್ನೊಂದು ಮಾತನ್ನು ನಾವು ಮರೆಯುತ್ತಿದ್ದೇವೆ. ಈ 22 ಕಿ.ಮೀ. ಪಥ ಪುಕ್ಕಟೆ ಬಂದದ್ದಲ್ಲ. ಪಿ.ಬಿ. (ಪುಣೆ–ಬೆಂಗಳೂರು) ರಸ್ತೆಯ ಇಕ್ಕೆಲದಲ್ಲಿದ್ದ ದೊಡ್ಡ ದೊಡ್ಡ ಮರಗಳು ಹೋದವು. ಜನ ಮನೆ ಬಿಟ್ಟರು, ಅಂಗಡಿ ಬಿಟ್ಟರು, ಪೂಜೆ ಪ್ರಾರ್ಥನೆಯ ಜಾಗಗಳೂ ಸರಿದವು. ವರ್ಷಗಟ್ಟಲೆ ಧೂಳು ಕುಡಿದೆವು. 2018ರಲ್ಲಿ ಪ್ರಾಯೋಗಿಕವಾಗಿ ಬಸ್ಸು ಬಿಟ್ಟರು, ವಿಧ್ಯುಕ್ತ ಉದ್ಘಾಟನೆ ಆದದ್ದು 2020ರ ಫೆಬ್ರುವರಿಯಲ್ಲಿ. ಬಸ್ಸಿಗಾಗಿ ಎಂದು ಕೇಳಿ ಪಡೆದ ಜಾಗವನ್ನು ಈಗ ಕಾರಿಗೆ ಕೊಡುವುದೆಂದರೆ, ಅಂದು ಬಿಟ್ಟುಕೊಟ್ಟವರಿಗೆ ಏನು ಹೇಳುವುದು?

ನವಲೂರಿನಲ್ಲಿ ಬೆಳಿಗ್ಗೆ ಒಬ್ಬ ಅಜ್ಜಿ ಹತ್ತುತ್ತಾರೆ. ಸೀಸನ್ನಿನಲ್ಲಿ ಅವರ ಕೈಯಲ್ಲಿ ಪೇರಲ ಹಣ್ಣಿನ ಚೀಲ, ಬಸ್ಸಿನ ತುಂಬ ಅದರ ವಾಸನೆ. ನಿಲ್ದಾಣದ ಕಟ್ಟೆಯೂ ಬಸ್ಸಿನ ನೆಲವೂ ಒಂದೇ ಮಟ್ಟಕ್ಕೆ ಇರುವುದರಿಂದ ಅವರು ಚೀಲವನ್ನು ಎತ್ತುವುದೇ ಇಲ್ಲ, ಸುಮ್ಮನೆ ಒಳಗೆ ಎಳೆದುಕೊಳ್ಳುತ್ತಾರೆ. ‘ಮೊದಲಿನ ಬಸ್ಸಿನ್ಯಾಗ ಮೆಟ್ಟಲ ಹತ್ತೂದ್ರಾಗ ಮೊಣಕಾಲ ಹಿಡೀತಿದ್ವು ತಮ್ಮಾ’ ಎಂದು ಒಮ್ಮೆ ನನಗೆ ಹೇಳಿದರು. ಕಿಮ್ಸ್‌ಗೆ ತೋರಿಸಿಕೊಳ್ಳಲು ಹೋಗುವ ರೋಗಿಗಳು, ವಿದ್ಯಾನಗರದ ಕಾಲೇಜುಗಳ ಹುಡುಗಿಯರು, ಹೈಕೋರ್ಟ್ ಪೀಠಕ್ಕೆಂದು ಧಾರವಾಡಕ್ಕೆ ಬರುವ ಕಕ್ಷಿದಾರರು, ಇವರಲ್ಲಿ ಎಷ್ಟೋ ಜನರಿಗೆ ಕಾರಿಲ್ಲ, ಬೈಕೂ ಇಲ್ಲ. ಪಥದ ಚರ್ಚೆಯಲ್ಲಿ ಇವರ ದನಿ ನನಗೆ ಎಲ್ಲೂ ಕೇಳಿಸಿಲ್ಲ.

ಹಾಗೆಂದು ಈಗಿನ ವ್ಯವಸ್ಥೆಯಲ್ಲಿ ಕೊರತೆಯೇ ಇಲ್ಲ ಎಂದು ನಾನು ವಾದಿಸುತ್ತಿಲ್ಲ. ಬಸ್ಸುಗಳಿಗೆ ವಯಸ್ಸಾಗಿದೆ, ಹೊಸವು ಬೇಕು. ಬೆಳಿಗ್ಗೆ ಒಂಬತ್ತಕ್ಕೆ ಕಾಲಿಡಲು ಜಾಗ ಇರುವುದಿಲ್ಲ. ಒಳ ಬಡಾವಣೆಗಳಿಂದ ನಿಲ್ದಾಣಕ್ಕೆ ತಲುಪಿಸುವ ಸಣ್ಣ ಬಸ್ಸು ಇದ್ದರೆ, ದೂರದವರು ಆಟೊಗೆ ಕೊಡುವ ದುಡ್ಡು ಉಳಿಯುತ್ತದೆ. ಈಗ ಎಷ್ಟೋ ಮಂದಿಗೆ ಇಪ್ಪತ್ತು ಕಿಲೋಮೀಟರ್ ಬಸ್ಸಿಗಿಂತ ಎರಡು ಕಿಲೋಮೀಟರ್ ಆಟೊನೇ ದುಬಾರಿ. ದೊಡ್ಡ ನಿಲ್ದಾಣಗಳ ಬಳಿ ಸ್ಕೂಟರ್ ನಿಲ್ಲಿಸಲು ನೆರಳಿನ ಜಾಗ ಮಾಡಿಕೊಟ್ಟರೆ ಅರ್ಧ ದಾರಿಗಾದರೂ ಜನ ಗಾಡಿ ಬಿಡುತ್ತಾರೆ. ಕಾರಿನವರ ತೊಂದರೆಗೂ ಬದಿಯ ರಸ್ತೆಯಲ್ಲೇ ಪರಿಹಾರವಿದೆ. ಅಲ್ಲಿ ಅಡ್ಡಾದಿಡ್ಡಿ ನಿಲ್ಲಿಸಿದ ವಾಹನಗಳನ್ನು ತೆಗೆಸಿದರೆ ಎಷ್ಟೋ ಜಾಗ ಸಿಗುತ್ತದೆ.

ಎಲ್ಲಕ್ಕಿಂತ ನನ್ನನ್ನು ಕಾಡುವುದು ನಡುರಸ್ತೆಯ ನಿಲ್ದಾಣಕ್ಕೆ ದಾಟುವ ಕಷ್ಟ. ಆ ಅಜ್ಜಿ ಬಸ್ಸಿನಲ್ಲಿ ಸುಖವಾಗಿ ಬರುತ್ತಾರೆ, ಇಳಿದ ಮೇಲೆ ಚೀಲ ಹೊತ್ತು ರಸ್ತೆ ದಾಟಲು ಐದೈದು ನಿಮಿಷ ಕಾಯುತ್ತಾರೆ. ಯಾರೂ ನಿಲ್ಲಿಸುವುದಿಲ್ಲ. ಕೊನೆಗೆ ಕಾಲೇಜಿನ ಹುಡುಗರು ಕೈ ಅಡ್ಡ ಹಿಡಿದು ದಾಟಿಸುತ್ತಾರೆ. ಮುದುಕರ ನಡಿಗೆಗೆ ಸಾಲುವಷ್ಟು ಹೊತ್ತು ವಾಹನಗಳನ್ನು ತಡೆಯುವ ಸಿಗ್ನಲ್ ಪ್ರತಿ ನಿಲ್ದಾಣದ ಮುಂದೆಯೂ ಬೇಕು. ಅದಕ್ಕೆ ಸಮಯ ಹಿಡಿಯುವುದಾದರೆ, ಸಂಬಂಧಪಟ್ಟವರು ಈ ಮಳೆಗಾಲಕ್ಕೆ ಮುಂಚೆ ದಾಟುವ ಜಾಗಗಳ ಬಿಳಿ ಪಟ್ಟೆಗಳಿಗಾದರೂ ಹೊಸ ಬಣ್ಣ ಬಳಿಸಲಿ, ಬೆಳಿಗ್ಗೆ ಸಂಜೆ ಒಬ್ಬೊಬ್ಬ ಸಿಬ್ಬಂದಿಯನ್ನು ಅಲ್ಲಿ ನಿಲ್ಲಿಸಲಿ.

ಇತಿ,
ದಿನನಿತ್ಯದ ಪ್ರಯಾಣಿಕ
ಮಾಳಮಡ್ಡಿ, ಧಾರವಾಡ