ಮೂಗಿನ ಶಸ್ತ್ರಚಿಕಿತ್ಸೆ: ಮದುವೆಯ ತಾರೀಕು ಕೇಳದ ಆಸ್ಪತ್ರೆ

ಮಾನ್ಯ ಸಂಪಾದಕರೇ,

ಮೂಗಿನ ಅಂದ ತಿದ್ದುವ ಶಸ್ತ್ರಚಿಕಿತ್ಸೆಯ, ಅಂದರೆ ರೈನೋಪ್ಲಾಸ್ಟಿಯ ಜಾಹೀರಾತುಗಳು ಈಗ ಬಳ್ಳಾರಿಯಂಥ ಊರಿನವರ ಮೊಬೈಲ್‌ಗಳಿಗೂ ಧಾರಾಳವಾಗಿ ಬರುತ್ತಿವೆ. ಬೆಳಿಗ್ಗೆ ದಾಖಲಾದರೆ ಮರುದಿನವೇ ಮನೆ ಎಂದು ಅವು ಹೇಳುವುದರಲ್ಲಿ ಸುಳ್ಳೇನೂ ಇಲ್ಲ. ಆದರೆ ಮನೆಗೆ ಬಂದ ಮೇಲಿನ ಒಂದು ವರ್ಷದ ಬಗ್ಗೆ ಅವು ಚಕಾರ ಎತ್ತುವುದಿಲ್ಲ. ಆ ವರ್ಷವನ್ನು ನಮ್ಮ ಮನೆಯಲ್ಲಿ ಹತ್ತಿರದಿಂದ ಕಂಡವನಾದ್ದರಿಂದ ಈ ಪತ್ರ ಬರೆಯುತ್ತಿದ್ದೇನೆ.

ನನ್ನ ತಂಗಿಯ ಮಗಳಿಗೆ ಉಸಿರಾಟದ ತೊಂದರೆಯೇನೂ ಇರಲಿಲ್ಲ. ಮೂಗಿನ ದಿಂಡಿನ ಮೇಲೊಂದು ಉಬ್ಬು ಇತ್ತು, ಅಷ್ಟೆ. ಮದುವೆ ನಿಶ್ಚಯವಾಗಿ ಹತ್ತು ವಾರ ಉಳಿದಿತ್ತು. ಅಷ್ಟರೊಳಗೆ ಎಲ್ಲ ಮಾಸಿಹೋಗುತ್ತದೆ ಎಂಬ ಲೆಕ್ಕಾಚಾರದಲ್ಲಿ ಬೆಂಗಳೂರಿನ ಖಾಸಗಿ ಆಸ್ಪತ್ರೆಯೊಂದಕ್ಕೆ ಕರೆದೊಯ್ದೆವು. ಒಪ್ಪಿಗೆ ಪತ್ರ ಇಂಗ್ಲಿಷಿನಲ್ಲಿತ್ತು, ಆರು ಪುಟ. ಸಹಿ ಮಾಡಬೇಕಾದ ಜಾಗಗಳಿಗೆಲ್ಲ ಮೊದಲೇ ಪೆನ್ಸಿಲ್ಲಿನಿಂದ ಗುರುತು ಹಾಕಿಟ್ಟಿದ್ದರು. ಹುಡುಗಿ ಗುರುತು ನೋಡಿ ಸಹಿ ಹಾಕುತ್ತ ಹೋದಳು, ನಾವು ನೋಡುತ್ತ ನಿಂತೆವು. ಮದುವೆ ಯಾವಾಗ ಎಂದು ಅಲ್ಲಿ ಯಾರೂ ಕೇಳಲಿಲ್ಲ, ನಾವೂ ಹೇಳಲಿಲ್ಲ.

ಪೂರ್ತಿ ಅರಿವಳಿಕೆ ಕೊಟ್ಟು, ಸುಮಾರು ಎರಡು ತಾಸು ನಡೆಯುವ ಈ ಶಸ್ತ್ರಚಿಕಿತ್ಸೆಯಲ್ಲಿ ಉಬ್ಬಿದ ಮೂಳೆಯನ್ನು ತೇಯ್ದು ಇಳಿಸಿದ ಮೇಲೆ, ಎರಡೂ ಬದಿಯ ಮೂಳೆಗಳನ್ನು ಬೇಕೆಂದೇ ಮುರಿದು ಒಳಕ್ಕೆ ಸರಿಸುವುದು ವಾಡಿಕೆ. ಕಣ್ಣನ್ನು ಮುಟ್ಟದಿದ್ದರೂ ಕಣ್ಣಿನ ಸುತ್ತ ಕಪ್ಪು-ನೀಲಿ ಹರಡಿಕೊಳ್ಳುವುದು ಈ ಕಾರಣಕ್ಕೆ. ತುದಿಗೆ ಆಧಾರ ಬೇಕಾದರೆ ಮೂಗಿನ ನಡುಗೋಡೆಯಿಂದಲೋ ಕಿವಿಯಿಂದಲೋ, ಕೆಲವೊಮ್ಮೆ ಪಕ್ಕೆಲುಬಿನಿಂದಲೋ ಮೃದ್ವಸ್ಥಿ, ಅಂದರೆ ಬಾಗುವ ಮೆತ್ತನೆಯ ಎಲುಬು, ತೆಗೆದು ಕೂರಿಸುತ್ತಾರೆ. ಇದನ್ನು ಕನ್ನಡದಲ್ಲಿ ಯಾರಾದರೂ ಮೊದಲೇ ಹೇಳಿದ್ದರೆ, ಎರಡನೇ ದಿನ ಮಗಳ ಮುಖ ನೋಡಿದ ನನ್ನ ತಂಗಿ ಗೋಡೆಗೊರಗಿ ಕುಸಿಯುತ್ತಿರಲಿಲ್ಲ.

ಹಂಪಿ ಎಕ್ಸ್‌ಪ್ರೆಸ್‌ನಲ್ಲಿ ಊರಿಗೆ ಬಂದೆವು. ತಲೆ ಎತ್ತರದಲ್ಲಿಟ್ಟು ಅಂಗಾತವೇ ಮಲಗಬೇಕಾಗಿದ್ದರಿಂದ ಕೆಳಗಿನ ಬರ್ತಿನಲ್ಲಿ ಬ್ಯಾಗುಗಳನ್ನು ಒಟ್ಟಿ ದಿಂಬು ಮಾಡಿದೆವು. ಮೂಗು ಕಟ್ಟಿದ್ದರಿಂದ ರಾತ್ರಿಯಿಡೀ ಬಾಯಲ್ಲೇ ಉಸಿರು. ಗುಂತಕಲ್ಲು ದಾಟುವ ಹೊತ್ತಿಗೆ ತುಟಿ ಒಡೆದಿತ್ತು. ದುಪಟ್ಟಾದೊಳಗಿನ ಸ್ಪ್ಲಿಂಟ್, ಅಂದರೆ ಮೂಗು ಅಲುಗದಂತೆ ಮೇಲೆ ಅಂಟಿಸಿದ ಗಟ್ಟಿ ಪಟ್ಟಿ, ಕಂಡ ಸಹಪ್ರಯಾಣಿಕರು ಅಪಘಾತವೇ ಎಂದು ಕೇಳಿದರು, ಹೌದೆಂದೆ.

ಸ್ಪ್ಲಿಂಟ್ ಒಂದು ವಾರದ ಮಟ್ಟಿಗೆ. ಸಿಂಬಳ ಸೀಟುವಂತಿಲ್ಲ, ಸೀನು ಬಂದರೆ ಬಾಯಿ ತೆರೆದೇ ಸೀನಬೇಕು. ಒಗ್ಗರಣೆಗೆ ಒಣಮೆಣಸಿನಕಾಯಿ ಬೀಳದ ದಿನವಿಲ್ಲದ ನಮ್ಮ ಕಡೆಯ ಅಡುಗೆಮನೆಗೆ ಇದು ಸಣ್ಣ ಕಟ್ಟಳೆಯಲ್ಲ. ಘಾಟು ತಟ್ಟದಿರಲೆಂದು ಎರಡು ವಾರ ಒಲೆಯನ್ನು ಹಿತ್ತಲಿಗೆ ಸಾಗಿಸಿದೆವು. ಉಪ್ಪುನೀರಿನಿಂದ ಮೂಗು ತೊಳೆಯುವುದು, ಬಿಸಿಲಿಗೆ ಹೋಗದಿರುವುದು, ಕನ್ನಡಕದ ಭಾರವನ್ನು ತಿಂಗಳ ಮೇಲೆ ಮೂಗಿಗೆ ಹಾಕದಿರುವುದು ಎಲ್ಲ ನಡೆಯಿತು. ಬೇಸಿಗೆಯಲ್ಲಿ ನಲವತ್ತು ಡಿಗ್ರಿ ದಾಟುವ ಊರಿನಲ್ಲಿ ಬೆವರಿಗೆ ಟೇಪು ಕಿತ್ತು ಬರುತ್ತಿತ್ತೆಂಬುದು ಬೇರೆ ಮಾತು.

ಸ್ಪ್ಲಿಂಟ್ ತೆಗೆದ ದಿನ ಕಂಡದ್ದು ದಪ್ಪಗೆ ಮೇಲಕ್ಕೆತ್ತಿದ ಮರಗಟ್ಟಿದ ಮೂಗು. ‘ಇದಕ್ಕೇನವ್ವಾ ಇಷ್ಟು ರೊಕ್ಕ ಸುರಿದದ್ದು?’ ಎಂದು ಅಜ್ಜಿ ಕೇಳಿಯೇಬಿಟ್ಟರು. ಬಾವಿನಲ್ಲಿ ಬಹುಪಾಲು ಒಂದೆರಡು ತಿಂಗಳಲ್ಲಿ ಇಳಿಯುತ್ತದೆ. ತುದಿಯ ಬಾವು ಪೂರ್ತಿ ಇಳಿದು ನಿಜವಾದ ಆಕಾರ ನಿಲ್ಲಲು ಒಂದು ವರ್ಷ ಬೇಕು, ಚರ್ಮ ದಪ್ಪಗಿದ್ದವರಿಗೆ ಇನ್ನೂ ಹೆಚ್ಚು. ಮದುವೆ ಬಾವಿನ ನಡುವೆಯೇ ಮುಗಿಯಿತು. ಮೂಗಿಗಿಂತ ಮೂಗುತಿ ಭಾರ ಎಂಬುದನ್ನು ಗಾದೆಯಾಗಿ ಕೇಳಿದ್ದೆ. ಅಂದು ಅಕ್ಷರಶಃ ಕಂಡೆ. ಗಾಬರಿಯಿಂದ ಮತ್ತೊಂದು ಶಸ್ತ್ರಚಿಕಿತ್ಸೆಗೆ ಹೊರಟಿದ್ದವರನ್ನು ಬಳ್ಳಾರಿಯ ಕಿವಿ-ಮೂಗು-ಗಂಟಲು ವೈದ್ಯರೊಬ್ಬರು ತಡೆದು, ವರ್ಷ ತುಂಬದೆ ಯಾರೂ ಅದನ್ನು ಮುಟ್ಟಬಾರದು ಎಂದರು. ಅವರ ಮಾತು ಸರಿಯಾಗಿತ್ತು. ಈಗ ಮೂಗು ಚೆನ್ನಾಗಿಯೇ ಇದೆ. ಮದುವೆಯ ಆಲ್ಬಮ್ ಮಾತ್ರ ಬೀರುವಿನಿಂದ ಹೊರಬಂದಿಲ್ಲ.

ಎಲ್ಲರಿಗೂ ಹೀಗೆ ಸುಖಾಂತವಾಗುವುದಿಲ್ಲ. ನೂರರಲ್ಲಿ 5ರಿಂದ 15 ಮಂದಿಗೆ ಮರುಶಸ್ತ್ರಚಿಕಿತ್ಸೆ ಬೇಕಾಗಬಹುದೆಂಬುದು ವೈದ್ಯರೇ ಸಾಮಾನ್ಯವಾಗಿ ಹೇಳುವ ಅಂದಾಜು. ಚೆನ್ನಾಗಿದ್ದ ಉಸಿರಾಟ ಕೆಡುವುದೂ ಉಂಟು. ಕತ್ತರಿಯೇ ಬೇಡವೆಂದು ಬ್ಯೂಟಿ ಪಾರ್ಲರುಗಳಲ್ಲಿ ಮೂಗಿಗೆ ಫಿಲ್ಲರ್, ಅಂದರೆ ಚರ್ಮದಡಿ ತುಂಬಿ ಆಕಾರ ತಿದ್ದುವ ಮದ್ದು, ಚುಚ್ಚಿಸಿಕೊಳ್ಳಲು ಹೊರಟವರಿಗೆ ನನ್ನದೊಂದು ಕಳಕಳಿಯ ಮಾತು: ಆ ಮದ್ದು ರಕ್ತನಾಳಕ್ಕೆ ಹೊಕ್ಕರೆ ಚರ್ಮ ಸಾಯಬಹುದು, ಅಪರೂಪಕ್ಕಾದರೂ ಕಣ್ಣೇ ಹೋಗಬಹುದು. ಇನ್ನು ತಮ್ಮ ಮೂಗು ಅಗಲವೆಂದು ಸೆಲ್ಫಿ ನೋಡಿ ಕೊರಗುವವರು ಒಂದು ಲೆಕ್ಕ ತಿಳಿದಿರಲಿ. ಒಂದಡಿ ದೂರದಿಂದ ತೆಗೆದ ಸೆಲ್ಫಿಯಲ್ಲಿ ಮೂಗು, ಐದಡಿ ದೂರದ ಫೋಟೊಗಿಂತ ಸುಮಾರು ಶೇ 30ರಷ್ಟು ಅಗಲವಾಗಿ ಕಾಣುತ್ತದೆಂದು ಅಮೆರಿಕದ ವೈದ್ಯರು 2018ರಲ್ಲಿ ತೋರಿಸಿದ್ದಾರೆ.

ನಾನು ಈ ವಿದ್ಯೆಯ ವಿರೋಧಿಯಲ್ಲ. ಸುಶ್ರುತ ಸಂಹಿತೆಯಲ್ಲೇ ಮೂಗಿನ ಮರುಜೋಡಣೆಯ ವಿವರವಿದೆ. ಟಿಪ್ಪುವಿನೊಂದಿಗಿನ ಯುದ್ಧದಲ್ಲಿ ಇಂಗ್ಲಿಷರ ಕಡೆಯ ಎತ್ತಿನ ಗಾಡಿಯವನೊಬ್ಬ ಸೆರೆಸಿಕ್ಕು ಮೂಗು ಕಳೆದುಕೊಂಡಾಗ, ಪುಣೆಯ ಬಳಿಯ ಕುಶಲಿಯೊಬ್ಬ ಅವನ ಹಣೆಯ ಚರ್ಮದಿಂದ ಹೊಸ ಮೂಗು ಕಟ್ಟಿಕೊಟ್ಟ. ಯುರೋಪಿನ ವೈದ್ಯರ ಗಮನಕ್ಕೆ ಅದು ಬಂದದ್ದು 1794ರಲ್ಲಿ ಲಂಡನ್ನಿನ ಪತ್ರಿಕೆಯೊಂದಕ್ಕೆ ಯಾರೋ ಬರೆದ ಪತ್ರದಿಂದ. ಸಂಪಾದಕರಿಗೆ ಬರೆಯುವ ಪತ್ರಗಳೂ ಕೆಲವೊಮ್ಮೆ ಕೆಲಸಕ್ಕೆ ಬರುತ್ತವೆ ಎಂಬ ಧೈರ್ಯ ನನಗೆ ಅಲ್ಲಿಂದ ಬಂದದ್ದು. ಅಪಘಾತದಿಂದಲೋ ಹುಟ್ಟಿನಿಂದಲೋ ಬಂದ ಊನವನ್ನು ಸರಿಪಡಿಸುವುದಕ್ಕೂ ಅಂದಕ್ಕಾಗಿ ಮಾಡಿಸುವುದಕ್ಕೂ ಜಿಎಸ್‌ಟಿ, ವಿಮೆ ಎರಡರಲ್ಲೂ ವ್ಯತ್ಯಾಸವಿದೆ. ಅಂದದ ಖರ್ಚು ಪೂರ್ತಿ ನಮ್ಮ ಕೈಯದೇ.

ಚಿಕಿತ್ಸೆಯ ಸ್ವರೂಪ, ಅಪಾಯ, ಪರ್ಯಾಯಗಳನ್ನು ರೋಗಿಗೆ ತಿಳಿಸಿಯೇ ಒಪ್ಪಿಗೆ ಪಡೆಯಬೇಕೆಂದು ಸುಪ್ರೀಂ ಕೋರ್ಟ್ 2008ರಲ್ಲೇ ಹೇಳಿದೆ. ತಿಳಿಯದ ಭಾಷೆಯಲ್ಲಿ ತಿಳಿಸಿದರೆ ಅದು ತಿಳಿಸಿದಂತೆ ಹೇಗಾದೀತು? ಮೊದಲ ವಾರ, ಮೊದಲ ತಿಂಗಳು, ಆರು ತಿಂಗಳು, ಒಂದು ವರ್ಷ, ಈ ನಾಲ್ಕು ಹಂತಗಳಲ್ಲಿ ಮೂಗು ಹೇಗಿರುತ್ತದೆಂದು ಕನ್ನಡದಲ್ಲಿ ಅಚ್ಚುಮಾಡಿದ ಒಂದು ಹಾಳೆಯನ್ನು ಸಹಿಗೆ ಕನಿಷ್ಠ ಒಂದು ವಾರ ಮೊದಲು ಕೈಗೆ ಕೊಡುವಂತೆ ಆರೋಗ್ಯ ಇಲಾಖೆ ಆಸ್ಪತ್ರೆಗಳಿಗೆ ಸೂಚಿಸಬೇಕು. ಆ ಹಾಳೆಯ ಕೊನೆಗೆ, ಮನೆಯಲ್ಲಿ ಯಾವುದಾದರೂ ಶುಭಕಾರ್ಯದ ತಾರೀಕು ಗೊತ್ತಾಗಿದೆಯೇ ಎಂದು ಕೇಳುವ ಒಂದು ಸಾಲೂ ಇರಲಿ.

– ಓದುಗರೊಬ್ಬರು, ಸತ್ಯನಾರಾಯಣಪೇಟೆ, ಬಳ್ಳಾರಿ