ಸ್ಪೀಕರ್ ಜೋರ ಐತಿ, ಮಾತ ತಿಳಿಯಂಗಿಲ್ಲ

ಸಂಪಾದಕರಿಗೆ ನಮಸ್ಕಾರ್ರಿ,

ಹೋದ ತಿಂಗಳು ಅವ್ವನ ಕಣ್ಣಿನ ಪೊರಿ ತೋರ್ಸಾಕ ಹುಬ್ಬಳ್ಳಿಗೆ ಹೊಂಟಿದ್ವಿ, ನಮ್ಮ ಭಾಗದ್ದ ಒಂದು ಸ್ಟೇಷನ್ನು, ಹೆಸರು ಬ್ಯಾಡ ಬಿಡ್ರಿ. ಒಂದನೇ ಪ್ಲಾಟ್‌ಫಾರ್ಮ್‌ನಾಗ ಕುಂತಾಗ ಅನೌನ್ಸ್‌ಮೆಂಟ್ ಬಂತು, ಕನ್ನಡ ಆತು ಹಿಂದಿ ಆತು ಇಂಗ್ಲಿಷ್ ಆತು, ಮೂರೂ ಮುಗದ ಮ್ಯಾಲೂ ನನಗ ತಿಳದದ್ದು "ಪ್ರಯಾಣಿಕರ ಗಮನಕ್ಕೆ" ಅಷ್ಟ. ಬಾಜೂ ಕುಂತಾವ್ರನ್ನ ಕೇಳೂಣಂದ್ರ ಅವ್ರ ನನ್ನ ಕೇಳ್ತಾರ, ಏನಂದ್ಲಪಾ ಅಕಿ ಅಂತ. ನೋಡಿದ್ರ ಗಾಡಿ ಎರಡನೇದಕ್ಕ ಬಂದು ನಿಂತೈತಿ! ಅವ್ವನ ರಟ್ಟಿ ಹಿಡದು ಬ್ರಿಜ್ ಹತ್ತಿಸಿ ಇಳಸೂದ್ರಾಗ ಜೀವ ಬಾಯಿಗೆ ಬಂದಿತ್ತು. ಗಾಡಿ ಸಿಕ್ತು, ಅದು ಬ್ಯಾರೆ ಮಾತು.

ಬೋರ್ಡ್ ನೋಡಬೇಕಿತ್ತು, ಮೊಬೈಲ್‌ನಾಗ ಆ್ಯಪ್ ಐತಲ್ಲ ಅಂತೀರಿ. ಕಣ್ಣ ಕಾಣದವ್ರಿಗೆ, ಓದಾಕ ಬರದವ್ರಿಗೆ ಕಿವಿನ ಬೋರ್ಡ್ರಿ.

ಈ ಅನೌನ್ಸ್‌ಮೆಂಟ್ ಒಬ್ಬಾಕಿ ಕುಂತು ಓದೂದಲ್ಲ, ತುಂಡು ತುಂಡು ರೆಕಾರ್ಡ್ ಮಾಡಿಟ್ಟಿದ್ದನ್ನ ಕಂಪ್ಯೂಟರ್ ಕೌದಿ ಹೊಲದಂಗ ಜೋಡಸ್ತೈತಿ, ಅಂಕಿ ಒಂದು ತುಂಡು ಊರಿನ ಹೆಸರು ಒಂದು ತುಂಡು. ತಡ ಆಗಿದ್ದಕ್ಕ ಕ್ಷಮೆ ಕೇಳೂ ಸಾಲು ಮಾತ್ರ ಒಂದ ಉಸಿರಿನಾಗ ಸ್ವಚ್ಛ ಕೇಳ್ತೈತಿ, ಎಷ್ಟ ತಡ ಅನ್ನೂದು ಕೇಳಂಗಿಲ್ಲ! 2010ರ ಡಿಸೆಂಬರ್‌ನಿಂದ ಗಾಡಿ ನಂಬರ್‌ಗೆ ಐದು ಅಂಕಿ, ಅವನ್ನ ಒಂದೊಂದ ಓದೂದ್ರಾಗ ಅರ್ಧ ಮಂದಿ ಲಕ್ಷ್ಯ ಬಿಟ್ಟಿರ್ತಾರ, ನಮ್ಮ ಮಂದಿಗೆ ಗೋಲಗುಂಬಜ್, ಬಸವ, ಚೆನ್ನಮ್ಮ ಅಂತ ಹೆಸರು ಹೇಳಿದ್ರ ಗುರ್ತು ಸಿಗ್ತೈತಿ.

ಇನ್ನ ಸ್ಪೀಕರ್. ಕೇಳಸವಲ್ದು ಅಂತ ಕಂಪ್ಲೇಂಟ್ ಮಾಡಿದ್ರ ವಾಲ್ಯೂಮ್ ಏರಸ್ತಾರ, ತಪ್ಪು ಆಗೂದು ಅಲ್ಲೇ. ಶಬ್ದ ಸೆಕೆಂಡಿಗೆ ಸುಮಾರು 340 ಮೀಟರ್ ಓಡ್ತೈತಿ, ಅಂದ್ರ 100 ಮೀಟರ್ ಆಚೆ ಇರೂ ಸ್ಪೀಕರ್‌ನ ಮಾತು ತಲಿ ಮ್ಯಾಲಿನ ಸ್ಪೀಕರ್‌ಗಿಂತ ಹೆಚ್ಚು ಕಡಿಮಿ ಸೆಕೆಂಡಿನ ಮೂರನೇ ಒಂದ ಪಾಲು ತಡ ಬರ್ತೈತಿ, ಬಂದು "ಎರಡು" ಅನ್ನೂ ಅಕ್ಷರದ ಮ್ಯಾಲ ಬೀಳ್ತೈತಿ. ವಾಲ್ಯೂಮ್ ಏರಿಸಿದ್ರ ಎರಡೂ ಏರ್ತಾವು, ಮ್ಯಾಲ ತಗಡಿನ ಚಾವಣಿ ಬ್ಯಾರೆ. ವಿಜಯಪುರದಾವ್ರಿಗೆ ಇದನ್ನ ಕಲಸಬೇಕಾ? ಗೋಲಗುಂಬಜ್‌ದಾಗ ಈ ಕಡೆ ಗ್ವಾಡಿಗೆ ಬಾಯಿ ಹಚ್ಚಿ ಪಿಸುಗುಟ್ಟಿದ್ರ ಆ ಕಡೆ ಕೇಳ್ತೈತಿ, ಟ್ರಿಪ್ಪಿಗೆ ಬಂದ ಸಾಲಿ ಹುಡುಗ್ರು ಒಮ್ಮೆಲೆ ಚೀರಿದ್ರ ಯಾರ ಮಾತೂ ಯಾರಿಗೂ ತಿಳಿಯಂಗಿಲ್ಲ.

ಅದಕ್ಕ ದೊಡ್ಡ ಕಹಳಿ ಸ್ಪೀಕರ್ ನಾಕು ಬಿಟ್ಟು ಸಣ್ಣವು ಹತ್ತು ಹಾಕ್ರಿ, ವಾಲ್ಯೂಮ್ ಇಳಸ್ರಿ. ಪ್ಲಾಟ್‌ಫಾರ್ಮ್ ಬದಲಾದ ದಿನ ಆದ್ರೂ ಒಬ್ರು ಮೈಕ್ ಹಿಡದು ಬಾಯಿಂದ ಎರಡ ಸಲ ಹೇಳ್ರಿ, ಬಸ್ ಸ್ಟ್ಯಾಂಡ್‌ನಾಗ ಕಂಡಕ್ಟರ್ ಮೈಕ್ ಇಲ್ದ "ತಾಳಿಕೋಟಿ ಮುದ್ದೇಬಿಹಾಳ" ಅಂತ ಒದರಿದ್ದು ರಸ್ತಾ ತನಕ ತಿಳೀತೈತಿ.

ಅವ್ವನ ಇನ್ನೊಂದು ಕಣ್ಣಿಗೆ ಮುಂದಿನ ತಿಂಗಳು ಡೇಟ್ ಕೊಟ್ಟಾರ.

ಒಬ್ಬ ಪ್ರಯಾಣಿಕ, ವಿಜಯಪುರ